ಬಟನ್ ಟೈರಿನ ಮೇಲೆ ನಿನ್ನ ಹೆಸರು

ಚಳ್ಳಕೆರೆ
೧೭-೯-೧೯೯೮, ಗುರುವಾರ

ಪ್ರೀತಿಯ ಮಗಳು ಗಂಗಾಂಬಿಕಾಳಿಗೆ,

ಆದ್ದರಿಂದ ಲಾಲ್ ಸಾಬ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ನಿನ್ನೆ ಬೆಳಿಗ್ಗೆಯ ಕಾರ್ಡಿನಲ್ಲಿ ಇಲ್ಲಿಗೆ ಬರುವಷ್ಟರಲ್ಲಿ ಜಾಗ ಮುಗಿದು, ವಿಳಾಸದ ಮಗ್ಗುಲಲ್ಲೂ ಗೀಚಿ, ಇನ್ನು ಬರೆದರೆ ಪೋಸ್ಟಿನವರು ವಾಪಸು ಮಾಡಿಯಾರೆಂದು ನಿಲ್ಲಿಸಿದ್ದೆ. ಇವತ್ತು ದೊಡ್ಡ ಹಾಳೆ ತಂದಿದ್ದೇನೆ. ಮೊದಲು ನಿನ್ನ ಆರೋಗ್ಯ ಹೇಗಿದೆ? ಮೊಳಕಾಲ್ಮುರಿನ ನೀರು ಈಗಲಾದರೂ ಒಗ್ಗಿತೇ? ಆ ಕಡೆಯವರ ಸಾರಿನಲ್ಲಿ ಖಾರ ಜಾಸ್ತಿ, ಮಜ್ಜಿಗೆ ಬಿಡಬೇಡ. ಮನೆ ಓನರಮ್ಮ ನಿನ್ನ ಹತ್ತಿರ ಇನ್ನೂ ತೆಲುಗಿನಲ್ಲೇ ಮಾತಾಡುತ್ತಾಳೋ, ಇಲ್ಲಾ ನೀನೇ ಕಲಿತುಬಿಟ್ಟೆಯೋ? ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ನಿನ್ನ ಕಾರ್ಡಿನಲ್ಲಿ ನನ್ನನ್ನು ಕೇಳುವುದು ಅದೊಂದೇ, ಆದ್ದರಿಂದ ಉತ್ತರವೂ ಅಷ್ಟೇ.

ಈಗ ಟೈರಿನ ವಿಷಯ. ಭಾನುವಾರ ನೀನು ಬಂದು, ನನ್ನ ಹಳೇ ಯೆಜ್ಡಿಯನ್ನು ಹೊಸ ಟೈರು ಹಾಕಿಸಲು ಲಾಲ್ ಸಾಬನ ಗ್ಯಾರೇಜಿನಲ್ಲಿ ಬಿಟ್ಟು ಬಸ್ಸು ಹತ್ತಿದೆ. ಮನೆಯಲ್ಲಿ ಕೂತದ್ದು ಅರ್ಧ ಗಂಟೆ, ಗ್ಯಾರೇಜಿನ ಬೆಂಚಿನ ಮೇಲೆ ಎರಡು ಗಂಟೆ. ನಾನು ಗಡಿಯಾರ ನೋಡುತ್ತಾ ಕೂತವನಲ್ಲ, ಆದರೂ ಎರಡು ಗಂಟೆ ಹತ್ತು ನಿಮಿಷ. ಲಾಲ್ ಸಾಬ್ ನನ್ನ ವಾರಿಗೆಯವನು, ನಲವತ್ತು ವರ್ಷದ ಗೆಳೆಯ, ಒಳ್ಳೆಯ ಮೆಕ್ಯಾನಿಕ್, ಎಲ್ಲಾ ಒಪ್ಪುತ್ತೇನೆ. ಆದರೆ ಅವನು ಗಾಡಿ ಬಿಚ್ಚಿದವನೇ ಹೊರತು ಓಡಿಸಿದವನಲ್ಲ. ಗ್ಯಾರೇಜಿನಿಂದ ಮಸೀದಿ, ಮಸೀದಿಯಿಂದ ಮನೆ, ಇಷ್ಟೇ ಅವನ ಸವಾರಿ. ಮಲೇರಿಯಾ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ತಳಕು, ನಾಯಕನಹಟ್ಟಿ ಸುತ್ತಿನ ಹಟ್ಟಿಹಟ್ಟಿ ತಿರುಗಿ ರಕ್ತದ ಸ್ಲೈಡು ಹೊತ್ತು ತಂದವನು ನಾನು. ಹಳ್ಳದ ಮರಳಿನಲ್ಲಿ, ಕಾವಲಿನ ಹುಲ್ಲಿನಲ್ಲಿ, ಎರೆಮಣ್ಣಿನಲ್ಲಿ ಇದೇ ಗಾಡಿ ಓಡಿಸಿದ್ದೇನೆ. ನಿನಗೆ ಗೇರು ಹಾಕುವುದನ್ನು ಕಲಿಸಿದವನೂ ನಾನೇ. ಹೆಣ್ಣುಮಗಳಿಗೆ ಮೋಟಾರ್ ಸೈಕಲ್ಲು ಯಾಕೆ ಎಂದು ನಿಮ್ಮವ್ವ ತಿಪ್ಪೇರುದ್ರಮ್ಮ ಬಾಗಿಲಿಗೆ ಅಡ್ಡ ನಿಂತಾಗ ಅವಳ ಬಾಯಿ ಮುಚ್ಚಿಸಿದವನೂ ನಾನೇ. ಇವತ್ತು ನೀನು ಆ ಗಾಡಿಯಲ್ಲಿ ಕುರಿಗಳಿಗೆ ಲಸಿಕೆ ಹಾಕುತ್ತಾ ಊರೂರು ಸುತ್ತುತ್ತೀಯಲ್ಲ, ಯಾವ ಟೈರು ಹಾಕಲಿ ಅಪ್ಪಾ ಎಂದು ಒಂದು ಮಾತು ಕೇಳಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಹೋದ ತಿಂಗಳು ಲಾಲ್ ಸಾಬ್ ನಿನಗೆ, ಒಂದು ವಾರ ಡಾಂಬರು ಎಷ್ಟು, ಮಣ್ಣು ಎಷ್ಟು ಎಂದು ಲೆಕ್ಕ ಇಟ್ಟು ಬರೆದು ಕಳಿಸು ಅಂದಿದ್ದನಂತೆ. ನಿನ್ನ ಪತ್ರ ಬಂತು. ಅವನ ಮಗ ಜಾಕಿರ್ ತನ್ನ ಅಪ್ಪನಿಗೆ ಓದಿ ಹೇಳುತ್ತಾನೆ ಅಂದುಕೊಂಡಿರುತ್ತೀಯ. ಆ ಹೊತ್ತಿಗೆ ಜಾಕಿರ್ ಲಾರಿಯ ಕೆಳಗೆ ಮಲಗಿದ್ದ. “ಲೇ ಏಕಾಂತಿ, ಅವ್ನ ಕೈಯೆಲ್ಲಾ ಗ್ರೀಸು. ನಂಗೆ ಉರ್ದು ಬಿಟ್ರೆ ಅಕ್ಷರ ಬರಾಕಿಲ್ಲ. ಬೇಟಿ ಏನ್ ಬರ್ದವ್ಳೆ ಓದು” ಎಂದು ನನ್ನ ಕೈಗೇ ಕೊಟ್ಟ. ಮೂರು ಹಾಳೆ, ಎರಡೂ ಮಗ್ಗುಲು! ನನಗೆ ಕಾರ್ಡು, ಅವನಿಗೆ ಮೂರು ಹಾಳೆ. ಸೋಮವಾರ ಇಷ್ಟು ಮೈಲಿ, ಮಂಗಳವಾರ ಅಷ್ಟು, ಎಲ್ಲಿ ಕಲ್ಲು, ಎಲ್ಲಿ ಜಾಲಿಮುಳ್ಳು, ಎಲ್ಲಾ ಇತ್ತು. ಕೊನೆಯಲ್ಲಿ, ರಾಂಪುರದ ರಸ್ತೆಯಲ್ಲಿ ಮಳೆ ಬಿದ್ದಾಗ ಹಿಂದಿನ ಚಕ್ರ ಜಾರಿತು ಚಾಚಾ, ಬೀಳಲಿಲ್ಲ, ಆದರೆ ಗಾಡಿ ನಿಲ್ಲಿಸಿ ಮರದ ಕೆಳಗೆ ಕೂತು ಅತ್ತೆ, ಅಪ್ಪನಿಗೆ ಹೇಳಬೇಡಿ ಎಂದು ಬರೆದಿದ್ದೆ. ಅಪ್ಪನಿಗೆ ಹೇಳಬೇಡಿ ಎಂಬುದನ್ನು ಅಪ್ಪನೇ ಗಟ್ಟಿಯಾಗಿ ಓದಿದೆ ತಾಯಿ. ಲಾಲ್ ಸಾಬ್ ತಲೆ ಎತ್ತಲಿಲ್ಲ, ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸಿದ್ದೇ ಒರೆಸಿದ್ದು. ನಾನೂ ಏನೂ ಆಗದವನಂತೆ ಹಾಳೆ ಮಡಿಸಿ ಕೊಟ್ಟೆ. ಅವನು ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ. ನನ್ನ ಹತ್ತಿರ ಇಟ್ಟುಕೊಳ್ಳುವಂಥ ನಿನ್ನ ಪತ್ರ ಒಂದೂ ಇಲ್ಲ.

ಅವನು ನಿನಗೆ ಆರಿಸಿದ್ದು ನಡುವಿನಲ್ಲಿ ರಬ್ಬರಿನ ಗಟ್ಟೆಗಳು ಒತ್ತೊತ್ತಾಗಿ, ಅಂಚಿನಲ್ಲಿ ಬಿಡಿಬಿಡಿಯಾಗಿರುವ ಟೈರು. ಡಾಂಬರಿನ ಮೇಲೆ ನಡುಭಾಗ ಪೂರ್ತಿ ಕೂರುತ್ತದೆ, ಮಣ್ಣಿಗೆ ಇಳಿದಾಗ ಅಂಚು ಕಚ್ಚುತ್ತದೆ ಎಂದು ಅವನ ವಾದ. ಒಳಗೆ ಮುಳ್ಳು ತಾಗದಂತೆ ಹಳೇ ಟ್ಯೂಬನ್ನು ಸೀಳಿ ಹಾಸುವುದು, ಅದು ನಮ್ಮ ಕಡೆ ಎಲ್ಲರೂ ಮಾಡುವುದೇ. ನಾನು ಹೇಳಿದ್ದು ಬಟನ್ ಟೈರು. ದಪ್ಪ ದಪ್ಪ ಬಟನ್ನು, ನಡುವೆ ಬೆರಳು ತೂರುವಷ್ಟು ಸಂದು, ಎರೆಮಣ್ಣು ಮೆತ್ತಿಕೊಳ್ಳದೆ ತಾನೇ ಉದುರುತ್ತದೆ. ದುರ್ಗದ ಕಾಲೇಜಿನಲ್ಲಿ ನಮ್ಮ ಫಿಸಿಕ್ಸ್ ಲೆಕ್ಚರರು ಫ್ರಿಕ್ಷನ್ ಈಸ್ ಎ ನೆಸೆಸರಿ ಅಂತ ಏನೋ ಒಂದು ಹೇಳುತ್ತಿದ್ದರು, ಕೊನೆಯ ಪದ ಮರೆತೆ; ಒಟ್ಟಿನಲ್ಲಿ ನೆಸೆಸರಿ. ಅದನ್ನೇ ಅವನಿಗೆ ಹೇಳಿದೆ. ಅವನು ಬೀಡಿ ಕೆಳಗಿಟ್ಟು, “ಲೇ, ಬೇಟಿ ಲೆಕ್ಕ ಕೊಟ್ಟವ್ಳೆ. ಹತ್ತು ಮೈಲಿನಾಗೆ ಏಳು ಡಾಂಬರು. ಮಣ್ಣಾಗೆ ಸಿಕ್ಕೊಂಡ್ರೆ ಇಳಿದು ತಳ್ಬೋದು. ಡಾಂಬರಿನ ಮ್ಯಾಲೆ ಜಾರಿದ್ರೆ ತಳ್ಳಾಕೆ ಯಾರಿರ್ತಾರೆ?” ಅಂದ. ಗ್ಯಾರೇಜಿನಲ್ಲಿದ್ದವರೆಲ್ಲ ತಲೆ ಆಡಿಸಿದರು. ನನ್ನ ಇಂಗ್ಲಿಷಿಗೆ ಯಾರೂ ತಲೆ ಆಡಿಸಲಿಲ್ಲ.

ಮಂಗಳವಾರ ಅವನು ಅಣ್ಣನ ಮಗಳು ಮುಸರತಳ ಮದುವೆಗೆಂದು ಹಿರಿಯೂರಿಗೆ ಹೊರಟ. ಆ ಗ್ಯಾರೇಜಿನ ಪದ್ಧತಿ ನಿನಗೆ ಗೊತ್ತಲ್ಲ, ಗೋಡೆಗೆ ಒರಗಿಸಿದ ಟೈರಿನ ಮೇಲೆ ಗಿರಾಕಿಯ ಹೆಸರನ್ನು ಚಾಕ್‌ಪೀಸಿನಲ್ಲಿ ಬರೆದಿರಬೇಕು, ಜಾಕಿರ್ ಹೆಸರು ನೋಡಿ ಹಾಕುತ್ತಾನೆ. ಲಾಲ್ ಸಾಬನಿಗೆ ಕನ್ನಡ ಬರೆಯಲು ಬಾರದು, ಆದ್ದರಿಂದ ಸಂಜೆ ಹೊತ್ತು ಹೋಗಿ ಕೂರುವ ನಾನೇ ಆ ಗ್ಯಾರೇಜಿನ ಗುಮಾಸ್ತ. ಬಸ್ಸಿಗೆ ಹೊತ್ತಾಯಿತೆಂದು ಓಡುತ್ತಲೇ, “ಎಡಗಡೆ ಜೋಡಿ ಮ್ಯಾಲೆ ನಮ್ ಬೇಟಿ ಹೆಸ್ರು ಬರ್ದಿಡು” ಎಂದು ಕೂಗಿ ಹೋದ. ನಮ್ ಬೇಟಿಯಂತೆ! ಎಡಗಡೆ ಇದ್ದದ್ದು ಅವನು ಆರಿಸಿದ್ದು. ಬಲಗಡೆ, ಯಾರೂ ಕೊಳ್ಳದೆ ಮೂರು ತಿಂಗಳಿಂದ ಬಿದ್ದಿದ್ದ ಬಟನ್ ಜೋಡಿ. ನಾನು ಬಲಗಡೆಯ ಜೋಡಿಯ ಮೇಲೆ ಬರೆದೆ. ಏ. ಗಂಗಾಂಬಿಕಾ ಎಂದು ಇನಿಷಿಯಲ್ ಸಮೇತ ಬರೆದೆ, ಯಾರ ಮಗಳೆಂದು ಟೈರಿಗಾದರೂ ಗೊತ್ತಿರಲಿ ಎಂದು. ಜಾಕಿರ್ ತಲೆ ಕೆರೆದುಕೊಂಡು, “ಅಬ್ಬಾ ಇದನ್ನ ಹೇಳಿದ್ರಾ ಅಂಕಲ್?” ಅಂದ. “ಹೆಸ್ರು ಬರ್ದೈತಲ್ಲೋ, ನೋಡು” ಅಂದೆ. ಸುಳ್ಳೇನೂ ಹೇಳಲಿಲ್ಲ.

ನಿನ್ನೆ ಮಧ್ಯಾಹ್ನ ಟ್ರಯಲ್ ನೋಡುತ್ತೇನೆಂದು ಗಾಡಿ ತೆಗೆದುಕೊಂಡು ಕುದಾಪುರದ ಕಾವಲಿಗೆ ಹೋದೆ. ಏನು ಹೇಳಲಿ! ಹುಲ್ಲಿನ ಮೇಲೆ, ಗರಸಿನ ಮೇಲೆ, ಹಳ್ಳದ ಮರಳಿನ ಮೇಲೆ ಚಕ್ರ ನೆಲವನ್ನು ಕಚ್ಚಿಕೊಂಡು ಹೋಗುತ್ತಿತ್ತು. ಮೂವತ್ತು ವರ್ಷ ಚಿಕ್ಕವನಾದಂತೆ ಒಬ್ಬನೇ ನಕ್ಕೆ. ಡಾಂಬರಿಗೆ ಹತ್ತಿದಾಗ ಟೈರು ಗುಂಯ್ ಎಂದು ಹಾಡಲು ಶುರು ಮಾಡಿತು, ಹ್ಯಾಂಡಲ್ ಸ್ವಲ್ಪ ನಡುಗಿತು, ಅದೆಲ್ಲ ಒಗ್ಗುತ್ತದೆ. ನಾಯಕನಹಟ್ಟಿಗೆ ಮುಂಚೆ ತುಂತುರು ಹನಿ ಬಿತ್ತು. ತಿರುವಿನಲ್ಲಿ ಕುರಿಗಳು ಅಡ್ಡ ಬಂದವು. ಬ್ರೇಕು ಒತ್ತಿದ್ದಷ್ಟೇ, ಹಿಂದಿನ ಚಕ್ರ ನನ್ನನ್ನು ಕೇಳದೆ ಮುಂದಕ್ಕೆ ಬಂದುಬಿಟ್ಟಿತು. ಗಾಬರಿಯಾಗಬೇಡ, ಮಂಡಿ ತರಚಿದೆ, ಅಷ್ಟೇ. ಕುರಿ ಕಾಯುತ್ತಿದ್ದ ಬೋರಕ್ಕ ಎಂಬ ಹೆಂಗಸು ಕೈಹಿಡಿದು ಎಬ್ಬಿಸಿ, “ಅಯ್ಯೋ ಸಾಮಿ, ಕುರಿ ನಿಂತ್ಕಂಡವೆ, ನೀನೇ ಮಲಿಕ್ಕಂಡ್ಯಲ್ಲ!” ಎಂದು ನಕ್ಕಳು. ಮಗಳ ಗಾಡಿ, ಕುರಿಗೆ ಲಸಿಕೆ ಹಾಕೋ ಮೇಡಮ್ಮು ಅಂದೆ. ಅವಳ ನಗು ನಿಂತಿತು. “ಹೆಣ್ಮಗೀಗೆ ಇದ್ನ ಕೊಟ್ಟು ಕಳ್ಸ್ತೀಯಾ?” ಅಂದಳು. ಕುರಿ ಕಾಯುವವಳಿಗೆ ಟೈರಿನ ವಿಷಯ ಏನು ಗೊತ್ತು ಎಂದುಕೊಂಡು ಗಾಡಿ ಎತ್ತಿ ನಿಲ್ಲಿಸಿದೆ. ಬಾಗಿದ ಫುಟ್‌ರೆಸ್ಟನ್ನು ಜಾಕಿರನಿಂದ ನೇರ ಮಾಡಿಸಿದೆ. ಸ್ಟ್ಯಾಂಡಿನಿಂದ ಬಿತ್ತು ಎಂದೆ.

ಇವತ್ತು ಹನ್ನೆರಡು ಗಂಟೆಗೆ ಗಾಡಿಯನ್ನು ಹಿಂಡಿ ಲಾರಿಯಲ್ಲಿ ಹತ್ತಿಸಿ ನಿನ್ನ ಕಡೆಗೆ ಕಳಿಸಿಯಾಯಿತು. ನಾಳೆ ಬೆಳಿಗ್ಗೆ ನಿನಗೆ ರಾಂಪುರದ ಕಡೆ ಲಸಿಕೆ ಕ್ಯಾಂಪು ಇದೆಯಂತಲ್ಲ. ಅದೂ ನನಗೆ ಜಾಕಿರನಿಂದಲೇ ಗೊತ್ತಾದದ್ದು. ಹಗ್ಗ ಬಿಗಿಯುತ್ತಾ ಅವನು, “ಅಬ್ಬಾ ಆರಿಸಿದ್ ಟೈರು ಅಂದ್ರೆ ಗಂಗಕ್ಕ ಕಣ್ಮುಚ್ಚಿ ನಂಬ್ತಾರೆ ಅಂಕಲ್” ಅಂದ. ನಾನು ಏನೋ ಹೇಳಬೇಕೆಂದು ಬಾಯಿ ತೆರೆದಿದ್ದೆ. ಆ ಮಾತು ಕೇಳಿ ಮುಚ್ಚಿದೆ. ಆದ್ದರಿಂದ ನಾನು ಹೇಳುವುದೇನೆಂದರೆ, ಡಾಂಬರಿನ ಮೇಲೆ ಸ್ವಲ್ಪ ನಿಧಾನ ಹೋಗು, ಮಳೆಯಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತು, ಸಾಕು. ಬಿದ್ದದ್ದು ಟೈರಿನ ತಪ್ಪಲ್ಲ. ಕುರಿಗಳು ಬಂದವು. ಹನಿಯೂ ಬಿತ್ತು. ಅಂಡರ್ ದಿ ಸರ್ಕಮ್‌ಸ್ಟ್ಯಾನ್ಸಸ್ ಯಾವ ಟೈರಾದರೂ

ಅಕ್ಷರ ಕಾಣದ ಹಾಗಾಗಿದೆ. ಕಿಟಕಿಯ ಬೆಳಕು ಹೋಯಿತು, ಕರೆಂಟೂ ಇಲ್ಲ. ನಿಲ್ಲಿಸುತ್ತೇನೆ. ನಿಮ್ಮವ್ವ ಇದ್ದಿದ್ದರೆ ಹೇಗೆ ಹರಸುತ್ತಿದ್ದಳೋ ಹಾಗೆ ಹರಸಿದ್ದೇನೆ. ಓನರಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಪ್ಪ,
ಏಕಾಂತಪ್ಪ

ಮರೆತ ಮಾತು: ಕರೆಂಟು ಬಂತು, ಬಸ್‌ಸ್ಟ್ಯಾಂಡಿನ ದೀಪದ ಕೆಳಗೆ ಬರೆಯುತ್ತಿದ್ದೇನೆ. ಗಾಡಿ ಹತ್ತಬೇಡ. ಕ್ಯಾಂಪಿಗೆ ಬಸ್ಸಿನಲ್ಲಿ ಹೋಗು, ತಡವಾದರೆ ಆಗಲಿ. ಟೈರಿನದ್ದೇ ತಪ್ಪು. ಬಿದ್ದ ಕೂಡಲೇ ನನಗೆ ಗೊತ್ತಾಗಿತ್ತು, ಗೊತ್ತಿದ್ದೂ ಲಾರಿಗೆ ಹತ್ತಿಸಿದೆ. ಲಾಲ್ ಸಾಬ್ ಆರಿಸಿದ ಟೈರೆಂದು ನಂಬಿ ನೀನು ಒಂದು ಸಲ ಜಾರಿದರೆ ಮುಂದೆ ಅವನನ್ನು ಕೇಳುವುದಿಲ್ಲ ಎಂಬ ಯೋಚನೆಯೂ ಬಂದಿತ್ತು, ಒಂದು ಗಳಿಗೆ ಬಂದಿತ್ತು ಗಂಗಾ. ನಿನ್ನ ದನದ ಆಸ್ಪತ್ರೆಯ ಫೋನಿಗೆ ಮೂರು ಸಲ ಮಾಡಿಸಿದೆ, ಯಾರೂ ಎತ್ತಲಿಲ್ಲ. ಅದಕ್ಕೇ ಈ ಪತ್ರವನ್ನು ಆರೂಮುಕ್ಕಾಲಿನ ಬಸ್ಸಿನ ಕಂಡಕ್ಟರ್ ಜಯಣ್ಣನ ಕೈಗೆ ಕೊಡುತ್ತಿದ್ದೇನೆ, ನಿನ್ನ ಮನೆ ಬಾಗಿಲಿಗೇ ತಂದು ಕೊಡುತ್ತಾನೆ. ಲಾಲ್ ಸಾಬ್ ಹಿರಿಯೂರಿನಿಂದ ಬಂದಿದ್ದಾನೆ, ಈಗ ಅವನ ಹತ್ತಿರ ಹೋಗಿ ಎಲ್ಲಾ ಹೇಳುತ್ತೇನೆ. ಬೈಯಲಿ. ಅವನು ಆರಿಸಿದ ಜೋಡಿ ಇನ್ನೂ ಎಡಗಡೆಯಲ್ಲೇ ಇದೆ. ಅದನ್ನು ಹೊತ್ತುಕೊಂಡು ನಾಳೆ ಮೊದಲ ಬಸ್ಸಿಗೆ ಇಬ್ಬರೂ ಬರುತ್ತೇವೆ. ಅವನು ಬರಲಿಲ್ಲವೆಂದರೆ ಜಾಕಿರನನ್ನು ಕರೆತರುತ್ತೇನೆ. ನೀನು ಬಾಗಿಲು ತೆಗೆದಾಗ ಚಾಚಾ ಎನ್ನುವುದಕ್ಕೆ ಮುಂಚೆ ಒಂದು ಸಲ ಅಪ್ಪಾ ಅನ್ನು. ಬಸ್ಸು ಹೊರಟಿತು.