ಚಾದರದ ಇನ್ನೊಂದು ತುದಿ

ಪರಿವೀಕ್ಷಣಾಧಿಕಾರಿ ಮೇಡಂ ಅವರಿಗೆ ನಮಸ್ಕಾರ.

ನಾನು ಹೊಸ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಕೋರ್ಟು ಹೇಳಿದ ಹಾಗೆ ನೀವು ಈ ತಿಂಗಳೂ ನನ್ನನ್ನು ನೋಡಲು ಬರಬೇಕಲ್ಲ, ಅದರ ಬಗ್ಗೆ ಒಂದು ಮಾತು.

ಹಳೆಯ ಲಾಂಡ್ರಿಗೆ ನೀವು ಇಲಾಖೆಯ ಜೀಪಿನಲ್ಲಿ ಬಂದು, ಎಲ್ಲರೆದುರು ನನ್ನ ಫೈಲು ಬಿಚ್ಚಿದಿರಿ. ತಪ್ಪೆನ್ನುತ್ತಿಲ್ಲ, ಅದು ನಿಮ್ಮ ಕೆಲಸ. ಆದರೆ ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಬಾಲಾಪರಾಧಿ’ ಎಂದಿತ್ತು. ದೊಡ್ಡ ಚಾದರವನ್ನು ಒಬ್ಬರೇ ಮಡಚಲು ಆಗುವುದಿಲ್ಲ, ಮೇಡಂ. ಅಂದಿನಿಂದ ಅದರ ಇನ್ನೊಂದು ತುದಿ ಹಿಡಿಯಲು ಯಾರೂ ಬರಲಿಲ್ಲ. ಮಡಿಕೆ ಸರಿಯಿಲ್ಲವೆಂದು ಮಾಲೀಕರು ನನ್ನನ್ನು ಕೆಲಸದಿಂದ ಬಿಡಿಸಿದರು.

ಇಲ್ಲಿ ನನ್ನೆದುರು ತುದಿ ಹಿಡಿಯುವವಳು ದೊಡ್ಡ ಬಾಯಿಬಡುಕಿ. "ನಿಂಗೆ ಅಂತ ಯಾರೂ ಇಲ್ವೇನೇ?" ಎಂದು ಕೇಳಿ ಕೇಳಿ ತಲೆ ತಿಂದಳು. "ಯಾಕಿಲ್ಲ? ಚಿಕ್ಕಮ್ಮ ಇದಾರೆ. ತಿಂಗಳಿಗೊಂದ್ಸಲ ಬಂದು ನೋಡ್ಕೊಂಡು ಹೋಗ್ತಾರೆ" ಅಂದುಬಿಟ್ಟೆ. ನಿಮ್ಮನ್ನೇ ಅಂದದ್ದು. ಸಿಟ್ಟಾಗಬೇಡಿ. ಅವಳಂತೂ ನಿಮ್ಮನ್ನು ನೋಡಲು ಕಾಯುತ್ತಿದ್ದಾಳೆ.

ದಯವಿಟ್ಟು ಬಸ್ಸಿನಲ್ಲಿ ಬನ್ನಿ. ಕೊರಳಿನ ಗುರುತಿನ ಚೀಟಿ ಚೀಲದೊಳಗಿರಲಿ. ಫೈಲಿಗೆ ಬೇಕಾದ ಸಹಿಯನ್ನು ನಿಮ್ಮನ್ನು ಬಸ್ಸು ಹತ್ತಿಸುವಾಗ ಹಾಕಿಕೊಡುತ್ತೇನೆ. ಬಂದವರು ಸುಮ್ಮನೆ ನಿಂತುಬಿಟ್ಟರೆ ಯಾರೂ ನಂಬುವುದಿಲ್ಲ. ‘ಏನೇ’ ಎಂದು ಕರೆದು, ತಲೆ ಬಾಚಿಲ್ಲವೆಂದು ಎರಡು ಮಾತು ಬೈದುಬಿಡಿ. ಅವತ್ತು ನಾನು ಬೇಕಂತಲೇ ಬಾಚಿರುವುದಿಲ್ಲ.

ಇಂತಿ,
ಅವತ್ತಿನ ಮಟ್ಟಿಗೆ ನಿಮ್ಮ ಅಕ್ಕನ ಮಗಳು