ಎಣ್ಣೆ ಡಬ್ಬದ ಸದ್ದಿಲ್ಲದ ತೀರ

"ಸಮುದ್ರವೇನು ರೈಲೇ, ವೇಳಾಪಟ್ಟಿ ಹಾಕೋಕೆ" ಎಂದೋ, "ಅಲೆಗೆ ಯಾರು ಟೈಮ್ ಕೇಳ್ತಾರೆ" ಎಂದೋ ತೀರದಲ್ಲಿ ನೀರೇರುವ ಗಂಟೆ ಬರೆಸಿ ಎಂದು ಕೇಳಿದಾಗ ನಿಮ್ಮ ಕಚೇರಿಯವರು ಹಿಂದಿಯಲ್ಲಿ ಅಂದಿದ್ದರು. ಮಾತು ಸರಿಯಾಗಿ ನೆನಪಿಲ್ಲ, ನಗು ನೆನಪಿದೆ. ಕಡಲತೀರವನ್ನು ಸುಂದರಗೊಳಿಸುವ ಹೊಣೆ ಹೊತ್ತ ಮಾನ್ಯರೇ, ನಾನು ಉಧ್ನಾ ನಿಲ್ದಾಣದಲ್ಲಿ ಗಾಡಿಗಳ ವೇಳೆ ಬರೆದಿಡುವ ರೈಲ್ವೆ ನೌಕರ. ಆ ತಮಾಷೆ ನನ್ನನ್ನೇ ಕುರಿತದ್ದಿರಬಹುದು. ನನ್ನ ದೂರು ಇಷ್ಟು: ಸೂರತ್ತಿನ ಹೊರಗೆ, ಹಜೀರಾದ ಚಿಮಣಿಗಳು ಕಾಣುವ ಆ ತೀರದಿಂದ ನೀವು ಚಂದ್ರಕಾಂತ ಎಂಬ ಎಳನೀರಿನವನನ್ನು ಎಬ್ಬಿಸಿದ್ದೀರಿ. ಅವನ ಜೊತೆ ಅವನ ಖಾಲಿ ಎಣ್ಣೆ ಡಬ್ಬವೂ ಹೋಯಿತು. ನನ್ನ ಮಗಳು ಬದುಕಿರುವುದು ಆ ಡಬ್ಬದಿಂದ.

ನೀವು ಕನ್ನಡ ಓದುವುದಿಲ್ಲ, ಬಲ್ಲೆ. ಗುಜರಾತಿಯಲ್ಲಿ ಎರಡು, ಇಂಗ್ಲಿಷಿನಲ್ಲಿ ಒಂದು ಅರ್ಜಿ ಕೊಟ್ಟಿದ್ದೇನೆ. ನೀವು ಓದದ ಭಾಷೆಗಳ ಪಟ್ಟಿಗೆ ಇದೂ ಒಂದು ಸೇರಲಿ. ಇಲ್ಲಿಯ ನಮ್ಮ ಕನ್ನಡ ಸಂಘದ ಈ ಪತ್ರಿಕೆಯನ್ನು ಓದುವವರು ಬ್ಯಾಂಕು, ವಿಮೆ, ರೈಲ್ವೆಗಳಲ್ಲಿ ವರ್ಗವಾಗಿ ಬಂದು, ಭಾನುವಾರ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂದು ಹುಡುಕುವ ನನ್ನಂಥವರು. ಕೋಟೆ ನೋಡಿಯಾಗುತ್ತದೆ, ಡಚ್ಚರ ಗೋರಿಗಳನ್ನು ನೋಡಿಯಾಗುತ್ತದೆ. ಆಮೇಲೆ ಉಳಿಯುವುದು ನಿಮ್ಮ ತೀರ. ಇಡೀ ಕುಟುಂಬಕ್ಕೆ ಸುರಕ್ಷಿತ ವಿಹಾರ ಎನ್ನುತ್ತದೆ ನಿಮ್ಮ ಫಲಕ. ಅದರಲ್ಲಿ ಒಂಟೆಯ ಚಿತ್ರವಿದೆ, ಭಜಿಯಾದ ಚಿತ್ರವಿದೆ. ನೀರು ಎಷ್ಟು ಗಂಟೆಗೆ ಬರುತ್ತದೆ ಎಂಬುದಿಲ್ಲ.

ಕಳೆದ ಬೇಸಿಗೆಯ ಆರಂಭದಲ್ಲಿ ನಾವು ಶನಿವಾರ ಹೊರಡುವುದೆಂದಿತ್ತು. ನನ್ನ ಹೆಂಡತಿ ಕಮಲಾಕ್ಷಿ ಕ್ಯಾಲೆಂಡರ್ ನೋಡಿ, "ಅಮಾಸೆ ದಿವ್ಸ ಮಗೂನ್ ಕಟ್ಕಂಡು ನೀರಿನ್ ಹತ್ರ ಬ್ಯಾಡ, ನಾಳೆ ಹೋಗ್ವ" ಎಂದಳು. ಇಂಥದ್ದನ್ನು ನಾನು ನಂಬುವುದಿಲ್ಲ, ಆದರೂ ಅವಳ ಮಾತಿಗೆ ಒಪ್ಪಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಲುಪಿದಾಗ ಅಲ್ಲಿ ಸಮುದ್ರವೇ ಇರಲಿಲ್ಲ. ಕಣ್ಣಿಗೆ ಕಾಣುವಷ್ಟೂ ದೂರ ಒದ್ದೆ ನೆಲ, ಅಂಚಿನಲ್ಲೊಂದು ಬಿಳಿ ಗೆರೆ.

"ಅಪ್ಪಾ, ಸಮುದ್ರ ಕಹಾಂ ಗಯಾ?" ಎಂದಳು ಎಂಟು ವರ್ಷದ ವಿಂಧ್ಯಾ.

"ಅಲ್ಲೇ ಇದೆ. ಮುಟ್ಟಿ ಬರೋಣ ಬಾ" ಎಂದೆ. ಕುಮಟಾದಲ್ಲಿ ಹುಟ್ಟಿದವನು ನಾನು. ನಮ್ಮ ಸಮುದ್ರ ನಾಲ್ಕು ಹೆಜ್ಜೆ ಹಿಂದೆ ಸರಿದು ನಾಲ್ಕು ಹೆಜ್ಜೆ ಮುಂದೆ ಬರುತ್ತದೆ, ಅದೂ ಎದುರಿನಿಂದ. ಬೆನ್ನ ಹಿಂದೆ ಬರುವ ಸಮುದ್ರವನ್ನು ನಾನು ಕಂಡಿರಲಿಲ್ಲ.

ಕಮಲಾಕ್ಷಿಯನ್ನು ದಡದಲ್ಲಿ ಬಿಟ್ಟು ನಾವಿಬ್ಬರೂ ಮುಕ್ಕಾಲು ಕಿಲೋಮೀಟರ್ ನಡೆದಿರಬೇಕು. ದಡದಲ್ಲಿ ಯಾರೋ ಡಬ್ಬ ಬಡಿಯತೊಡಗಿದರು. ವ್ಯಾಪಾರದವರ ಗದ್ದಲ ಅಂದುಕೊಂಡೆ. ಸದ್ದು ನಿಲ್ಲಲಿಲ್ಲ. ಬೇಡ ಎಂದು ಕೈಬೀಸಿದೆ. ನನ್ನನ್ನು ನೋಡಿ ಮಗಳೂ ಬೀಸಿದಳು. ಆಮೇಲೆ ತಿರುಗಿದೆವು. ಬರುವಾಗ ಒಣಗಿದ್ದ ತಗ್ಗಿನಲ್ಲಿ, ನಮಗೂ ದಡಕ್ಕೂ ನಡುವೆ, ಕಂದು ನೀರು ಸದ್ದಿಲ್ಲದೆ ಏರುತ್ತಿತ್ತು. ಅಲೆಯಿದ್ದಿದ್ದರೆ ನನಗೆ ಅರ್ಥವಾಗುತ್ತಿತ್ತು. ಮಗಳನ್ನು ಎತ್ತಿಕೊಂಡು ಇಳಿದೆ. ಮೊಣಕಾಲು, ಸೊಂಟ. ನಡುವಿನಲ್ಲಿ ಕೆಸರು ಎಡಗಾಲನ್ನು ಹಿಡಿದುಕೊಂಡಿತು. ಅವಳನ್ನು ಮೇಲೆತ್ತಿ ನಿಂತೆ. ನಿಲ್ಲುವುದೊಂದೇ ನನಗೆ ತೋಚಿದ್ದು.

ಡಬ್ಬ ಬಿಸುಟು ಓಡಿಬಂದ ಚಂದ್ರಕಾಂತ ಮೊದಲು ಮಗುವನ್ನು ಕಸಿದು ಹೆಗಲ ಮೇಲೆ ಹಾಕಿಕೊಂಡ. "ಖಡೇ ಮತ್ ರಹೋ ಸಾಹೇಬ್! ಪಾನೀ ಪೇ ಲೇಟ್ ಜಾವ್, ಪೈರ್ ಛೂಟೇಗಾ!" ನಿಲ್ಲುವುದು ಬಿಟ್ಟು ನೀರಿನ ಮೇಲೆ ಮಲಗಿದೆ. ಕೆಸರು ಕಾಲನ್ನು ಬಿಟ್ಟಿತು. ಚಪ್ಪಲಿಯನ್ನು ಬಿಡಲಿಲ್ಲ.

ದಡದಲ್ಲಿ ಅವನು ಬೈದ: "ಘರ್ ಮೇ ಕ್ಯಾಲೆಂಡರ್ ನಹೀಂ ಹೈ? ಕಲ್ ಅಮಾಸ್ ಥೀ!"

ಕಮಲಾಕ್ಷಿ ಮಗಳ ತಲೆ ಒರೆಸುತ್ತಲೇ, ಇದೆ, ನೋಡಿಕೊಂಡೇ ಒಂದು ದಿನ ಮುಂದೂಡಿ ಬಂದೆವು ಎಂದಳು.

ಅವನು ಅವಳನ್ನೇ ನೋಡಿದ. "ವಾಹ್ ಬೆನ್! ಸೋಚ್ ಸಮಝ್ ಕೇ ಡೂಬ್ನೇ ಆಯೇ!" ಹೌದು, ಯೋಚಿಸಿಯೇ ಮುಳುಗಲು ಬಂದಿದ್ದೆವು.

ಅಮಾವಾಸ್ಯೆಯ ಮಾರನೆಯ ಒಂದೆರಡು ದಿನಗಳಲ್ಲೇ ಇಲ್ಲಿಯ ನೀರು ಅತಿ ಎತ್ತರಕ್ಕೆ, ಅತಿ ವೇಗವಾಗಿ ಏರುವುದಂತೆ. ಎಳನೀರಿನ ಗಾಡಿಗೆ ಕಟ್ಟಿಕೊಂಡ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಅವನು ಗಂಟೆ ಲೆಕ್ಕಹಾಕುತ್ತಿದ್ದ. ತಗ್ಗು ತುಂಬುವ ಮೊದಲೇ ಡಬ್ಬ ಬಡಿಯುತ್ತಿದ್ದ. ಮೀನು ಹಿಡಿಯುತ್ತಿದ್ದ ಅವನ ಅಪ್ಪನೂ ಬಡಿಯುತ್ತಿದ್ದನಂತೆ. ಈಗ ನಾನು ಏನಾದರೂ ಹೇಳಿದರೆ ವಿಂಧ್ಯಾ ಒಮ್ಮೆ ಅಮ್ಮನ ಮುಖ ನೋಡುತ್ತಾಳೆ. ಅದನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ, ಅದು ನನ್ನದು.

ಆದರೆ ಕಳೆದ ತಿಂಗಳು ಹೋದಾಗ ಕಂಡದ್ದು ನಿಮ್ಮದು. ಅವನ ಗಾಡಿಯನ್ನು ಅತಿಕ್ರಮಣವೆಂದು ತೆರವು ಮಾಡಿದ್ದೀರಿ. ಆ ಜಾಗದಲ್ಲಿ ಕೆಂಪು ಹೃದಯದ ಆಕಾರದ ಚೌಕಟ್ಟು. ಫೋಟೋಗಾಗಿ ಅದರೊಳಗೆ ನಿಲ್ಲುವವರು ಸಮುದ್ರಕ್ಕೆ ಬೆನ್ನು ಹಾಕಿಯೇ ನಿಲ್ಲಬೇಕು. ಸಮವಸ್ತ್ರದ ಕಾವಲುಗಾರನೂ ಇದ್ದಾನೆ. ನೀರು ಏರುವುದು ಎಷ್ಟು ಗಂಟೆಗೆ ಎಂದು ಕೇಳಿದೆ. "ಪಾರ್ಕಿಂಗ್ ಛೇ ಬಜೇ ತಕ್", ಆರು ಗಂಟೆಯವರೆಗೆ, ಎಂದ. ಸಮುದ್ರಕ್ಕೆ ವೇಳಾಪಟ್ಟಿ ಇಲ್ಲವೇ, ಮಾನ್ಯರೇ? ಹಜೀರಾ ಬಂದರಿನ ಹಡಗುಗಳು ಇದೇ ನೀರಿನ ಗಂಟೆ ನೋಡಿ ಒಳಬರುವುದಿಲ್ಲವೇ? ಹಡಗಿಗೆ ಹೇಳುವುದನ್ನು ಮಗುವಿಗೆ ಹೇಳಿದರೆ ನಿಮ್ಮ ಸೌಂದರ್ಯಕ್ಕೆ ಯಾವ ಕುಂದು?

ಇನ್ನು ಹದಿನಾರು ದಿನಕ್ಕೆ ದೀಪಾವಳಿಯ ಅಮಾವಾಸ್ಯೆ. ಅದರ ಬೆನ್ನಿಗೇ ಗುಜರಾತಿನ ಹೊಸ ವರ್ಷ. ಹೊಸ ಬಟ್ಟೆ ತೊಟ್ಟ ಮಕ್ಕಳೊಂದಿಗೆ ಊರು ಆ ತೀರಕ್ಕೆ ಇಳಿಯುತ್ತದೆ. ಸಮುದ್ರ ಎಲ್ಲಿ ಹೋಯಿತೆಂದು ಯಾವುದೋ ಮಗು ಕೇಳುತ್ತದೆ. ಯಾವುದೋ ಅಪ್ಪ ಗೊತ್ತಿದ್ದವನಂತೆ ಉತ್ತರ ಹೇಳುತ್ತಾನೆ.

ಅಷ್ಟರೊಳಗೆ ಚಂದ್ರಕಾಂತನಿಗೆ ಅವನ ಜಾಗ ಮರಳಿ ಕೊಡಿ. ಫಲಕದಲ್ಲಿ ಒಂಟೆಯ ಪಕ್ಕ ದಿನದಿನದ ನೀರಿನ ಗಂಟೆ ಬರೆಸಿ. ಬೇಕಾದರೆ ಆ ಬರೆಯುವ ಕೆಲಸ ನಾನು ಮಾಡುತ್ತೇನೆ, ಅಭ್ಯಾಸವಿದೆ. ನೀವು ಏನೂ ಮಾಡದಿದ್ದರೆ, ಹೊಸ ವರ್ಷದ ಬೆಳಿಗ್ಗೆ ಅಲ್ಲಿ ನಾನಿರುತ್ತೇನೆ. ಮನೆಯಲ್ಲಿ ಒಂದು ಡಬ್ಬ ಖಾಲಿ ಮಾಡಿಟ್ಟಿದ್ದೇವೆ. ಅದನ್ನೂ ಅತಿಕ್ರಮಣವೆಂದು ಬರೆದುಕೊಳ್ಳಿ.

ಇಂತಿ,
ಕಡಲ ಊರಿನಲ್ಲಿ ಹುಟ್ಟಿಯೂ ಡಬ್ಬದ ಸದ್ದಿಗೆ ಕೈಬೀಸಿ ಬೇಡವೆಂದ ಒಬ್ಬ ತಂದೆ,
ಉಧ್ನಾ

ಕೊನೆಯದೊಂದು ಸಾಲು ನಿಮಗಲ್ಲ, ಎಲ್ಲಿದ್ದಾನೋ ತಿಳಿಯದ ಅವನಿಗೆ: ಚಂದ್ರಕಾಂತಭಾಯಿ, ತಗ್ಗು ತುಂಬುವುದಕ್ಕೆ ಎಷ್ಟು ಹೊತ್ತು ಮೊದಲು ಬಡಿಯಲು ಶುರುಮಾಡಬೇಕು?