ಒಂದು ಮೊಳ ಮೇಲಿನ ಗಾಜು

ಮನೆಯಿಂದ,
ಹದಿನಾರನೆಯ ತಾರೀಖು, ಸೋಮವಾರ

ಮಗಳಿಗೆ ತಾಯಿಯ ಆಶೀರ್ವಾದಗಳು.

ನಾನು ಈ ಮನೆಯ ಹಿರಿಯಳು. ದೊಡ್ಡ ಕಮಾನಿನ ಬಾಗಿಲ ಬೀಗದ ಕೈಗಳು ಹದಿನಾರು ವರ್ಷ ನನ್ನ ಸೊಂಟದಲ್ಲಿದ್ದವು. ಅದಕ್ಕೆ ಮೊದಲು, ಇಲಾಖೆಯ ಕಾವಲುಗಾರರಾಗಿದ್ದ ನಿಮ್ಮಪ್ಪನ ಸೊಂಟದಲ್ಲಿದ್ದವು. ಈ ಬೀದಿಯಲ್ಲಿ ಎರಡು ಮನೆಯವರು ಜಗಳವಾಡಿದರೆ ಕೊನೆಯ ಮಾತು ಇವತ್ತಿಗೂ ನನ್ನದೇ. ಇದು ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ಮೊದಲೇ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥವಳಿಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ. ಐದು ತಿಂಗಳು ನಿನಗೆ ಫೋನು ಮಾಡಲಿಲ್ಲ, ಕಾಗದ ಬರೆಯಲಿಲ್ಲ. ತಡವಾಯಿತು. ತಪ್ಪು ನನ್ನದು. ಇಷ್ಟು ಬರೆಯುವುದಕ್ಕೆ ಮೂರು ಹಾಳೆ ಹರಿದಿದ್ದೇನೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ನಿಮ್ಮಣ್ಣನ ಬೆನ್ನುನೋವು ಹಾಗೇ ಇದೆ. ಕೆಲಸ ಹೇಳಿದಾಗ ಬರುತ್ತದೆ, ಊಟಕ್ಕೆ ಕರೆದಾಗ ಹೋಗುತ್ತದೆ. ಅತ್ತಿಗೆ ನನ್ನನ್ನು ಒಂದು ಮಾತೂ ಕೇಳದೆ ಅಡುಗೆಮನೆಗೆ ಹೊಸ ಕಪಾಟು ಹಾಕಿಸಿದ್ದಾಳೆ. ಚೆನ್ನಾಗಿಯೇ ಇದೆ. ಅವಳಿಗೆ ಹೇಳಿಲ್ಲ.

ವಿಷಯಕ್ಕೆ ಬರುತ್ತೇನೆ. ಕಮಾನಿನ ಬಲಗಾಲಿನ ಬಿರುಕು ನೀನು ಹುಟ್ಟುವ ಮೊದಲಿನದು. ನಿಮ್ಮಪ್ಪ ಅದಕ್ಕೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತಿ, ತಾರೀಖು ಕೆತ್ತಿದ್ದರು. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆಯಬೇಕು; ಗಾಜು ಒಡೆದರೆ ಕಮಾನು ಅಲುಗಿದೆ ಎಂದರ್ಥ. ಪ್ರತಿ ಸೋಮವಾರ ಏಣಿ ಹತ್ತಿ ನೋಡಿ, ಪುಸ್ತಕದಲ್ಲಿ ‘ಗಾಜು ಸರಿ’ ಎಂದು ಬರೆಯುತ್ತಿದ್ದರು. ಮನೆಗೆ ಬಂದು ಚಪ್ಪಲಿ ಬಿಡುತ್ತ ನನ್ನನ್ನೂ ಅದನ್ನೇ ಕೇಳುತ್ತಿದ್ದರು: “ಏನೇ, ಗಾಜು ಸರಿಯಾ?” ನಾನು ಮುನಿಸಿಕೊಂಡಿದ್ದರೆ ಪಾತ್ರೆ ಕುಕ್ಕುತ್ತಿದ್ದೆ. ನೀವಿಬ್ಬರು ಮಕ್ಕಳೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದಿರಿ.

ಕಮಾನಿನ ಅಡಿಯಲ್ಲಿ ಸುರಂಗ ಕೊರೆಯುವ ಕೆಲಸ ಶುರುವಾದ ಮೇಲೆ ಆ ಫೋನಿನವನು ಬಂದ. ವಿಮೆ ಕಂಪನಿಯ ಕೆಲಸ ಬಿಟ್ಟು ಬರೀ ವಿಡಿಯೋ ಮಾಡಿಕೊಂಡಿರುವ ಮನುಷ್ಯ. ನನ್ನನ್ನು ಕಮಾನಿನ ಕೆಳಗೆ ನಿಲ್ಲಿಸಿ, ಮೇಲಿನ ಗಾಜನ್ನು ಫೋನಿನಲ್ಲಿ ಹತ್ತಿರಕ್ಕೆ ಎಳೆದು ತೋರಿಸಿದ. ಎರಡು ತುಂಡು. ನೆಲದಿಂದ ನೋಡಿದರೆ ಅದು ಬರೀ ಒಂದು ಮಿಣುಕು, ಅಷ್ಟು ವರ್ಷ ನನಗೆ ಕಂಡದ್ದೂ ಅಷ್ಟೇ. “ದೊಡ್ಡಮ್ಮ, ಇದು ಯಾವಾಗ ಒಡೆದದ್ದು?” ಅಂದ. ನಾನು ನೆಟ್ಟಗೆ ನಿಂತು ಹೇಳಿದೆ: “ನಮ್ಮ ಯಜಮಾನರು ಇರೋವರೆಗೂ ಈ ಗಾಜು ಒಡೆದಿರಲಿಲ್ಲ. ಈಗ ಒಡೆದಿದೆ. ಯಾಕೆ ಅಂತ ನೀವೇ ಯೋಚಿಸಿ.” ಅವನು ಅದರ ಮೇಲೆ ‘ಸುರಂಗದಿಂದ ಬೀಳಲಿದೆ ಸಾವಿರ ವರ್ಷದ ಕಮಾನು’ ಎಂದು ದಪ್ಪಕ್ಷರದಲ್ಲಿ ಹಾಕಿದ. ಲಕ್ಷಗಟ್ಟಲೆ ಜನ ನೋಡಿದರು. ನನಗೆ ಸಂತೋಷವಾಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಆಮೇಲೆ ನಿನ್ನ ಫೋನು ಬಂತು. ಇಂಥ ಸುದ್ದಿಗಳಲ್ಲಿ ಜೊಳ್ಳು ಯಾವುದು ಕಾಳು ಯಾವುದು ಎಂದು ತೂರಿ ನೋಡುವುದೇ ನಿನ್ನ ಆಫೀಸಿನ ಕೆಲಸ, ಗೊತ್ತಿತ್ತು. ನನ್ನ ಮಾತನ್ನೂ ಮೊರಕ್ಕೆ ಹಾಕುತ್ತೀಯೆಂದು ಎಣಿಸಿರಲಿಲ್ಲ.

“ಅಮ್ಮಾ, ಅದು ಯಾವಾಗ ಒಡೀತು ಅಂತ ನಿಂಗೆ ಖಂಡಿತ ಗೊತ್ತಾ?”

“ನಿಮ್ಮಪ್ಪ ಸರಿ ಅಂತ ಬರೆದ ಮೇಲೆ ಸರಿ.”

“ಬರೆದಿದ್ದನ್ನ ನೋಡಿದೀಯಾ?”

“ನನ್ನ ಹತ್ರಾನೇ ಸಾಕ್ಷಿ ಕೇಳ್ತೀಯಾ?” ಎಂದು ಫೋನು ಇಟ್ಟೆ.

ಎರಡು ದಿನ ಬಿಟ್ಟು ನಿಮ್ಮ ಆಫೀಸಿನ ವರದಿ ಬಂತು. ನನ್ನ ಮುಖದ ಮೇಲೆ ಅಡ್ಡಡ್ಡ ಹಳದಿ ಪಟ್ಟಿ: ‘ದೃಢಪಟ್ಟಿಲ್ಲ’. ಕೆಳಗೆ ‘ಸ್ಥಳೀಯ ಹಿರಿಯ ಮಹಿಳೆಯೊಬ್ಬರು’. ಒಂಬತ್ತು ತಿಂಗಳು ಹೊತ್ತವಳಿಗೆ ಮಗಳಿಟ್ಟ ಹೆಸರು. ಇಂಜಿನಿಯರುಗಳ ಅಳತೆಯಲ್ಲಿ ಕಮಾನು ಅಲುಗಿಲ್ಲ, ಗಾಜು ಒಡೆದ ಕಾಲ ಮಾತ್ರ ತಿಳಿದಿಲ್ಲ, ಇಲಾಖೆಯ ಹಳೆಯ ಕಡತ ಸಿಗುತ್ತಿಲ್ಲ ಎಂದು ನೀನು ಬರೆದಿದ್ದೆ. ಜನ ನಿನಗೆ ಮನಸ್ಸಿಗೆ ಬಂದಂತೆ ಬೈದಿದ್ದರು: ‘ಆ ಅಜ್ಜಿಗಿಂತ ನಿಮಗೆ ಹೆಚ್ಚು ಗೊತ್ತಾ?’ ಅದನ್ನು ಅತ್ತಿಗೆಯಿಂದ ಎರಡೆರಡು ಸಲ ಓದಿಸಿ ಕೇಳಿದ್ದೇನೆ. ಅದನ್ನೂ ಬರೆಯಬೇಕು, ಬರೆದಿದ್ದೇನೆ.

ಕಮಾನಿಗೆ ಬೇಲಿ ಬಿತ್ತು. ಅದರ ನೆರಳಿನಲ್ಲಿದ್ದ ಅಂಗಡಿಗಳನ್ನು ಎತ್ತಿಸಿದರು. ಹೋದ ವಾರ ಬೀಗ ರಿಪೇರಿಯವನು, ನೀನು ಸಣ್ಣವಳಿದ್ದಾಗ ಹಳೇ ಕೀಲಿಗಳ ಗೊಂಚಲು ಆಡಲು ಕೊಡುತ್ತಿದ್ದನಲ್ಲ ಅವನೇ, ಹೇಳಿ ಹೋಗಲು ಬಂದ.

“ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರಲಿಲ್ಲ ದೊಡ್ಡಮ್ಮ. ನೀವೇ ಬೀಳುತ್ತೆ ಅಂದ್ಮೇಲೆ ನಾನ್ಯಾರು? ಒಂದೇ ಒಂದು ಮಾತು. ಯಜಮಾನ್ರ ಪುಸ್ತಕ ನೋಡಿದ್ರಾ?”

“ಇಲಾಖೆಗೆ ಒಂದು, ತಮಗೆ ಒಂದು ಬರೀತಿದ್ರು. ಅವರದ್ದು ಅವರ ಪೆಟ್ಟಿಗೇಲಿದೆ. ಅವರು ಹೋದಾಗಿಂದ ತೆಗೆದಿಲ್ಲ. ಅದರ ಕೀಲಿ ಇಲ್ಲ.”

ಅವನು ನನ್ನನ್ನೇ ನೋಡಿದ. “ಕೀಲಿ ಇಲ್ಲ ಅಂತ ಬೀಗದವನ ಹತ್ರ ಹೇಳ್ತಿದ್ದೀರಲ್ಲ.”

ಪೆಟ್ಟಿಗೆ ತಂದು ಅವನ ಮುಂದಿಟ್ಟೆ. ಒಂದು ತಂತಿಯಲ್ಲಿ ತೆಗೆದುಬಿಟ್ಟ. ದುಡ್ಡು ಕೊಡಹೋದರೆ, “ಇದಕ್ಕೆ ಬೀಗ ಅಂತಾರಾ?” ಎಂದು ಕೈ ಮುಗಿದು ಹೋದ.

ಮೂವತ್ತೊಂದು ವರ್ಷದ ಹಿಂದಿನ ಪುಟದಲ್ಲಿದೆ, ನಿಮ್ಮಪ್ಪನ ಅಕ್ಷರದಲ್ಲಿ: ‘ಗಾಜು ಒಡೆದಿದೆ. ಬಿರುಕು ಅಳೆದೆ, ಅಗಲವಾಗಿಲ್ಲ. ಕಳೆದ ವಾರ ನನ್ನ ಏಣಿ ತಾಗಿ ಒಡೆದದ್ದು. ಹಳೆಯದನ್ನು ತೆಗೆಯಬಾರದೆಂದು ನಿಯಮ. ಅದನ್ನು ಬಿಟ್ಟು, ಒಂದು ಮೊಳ ಮೇಲೆ ಹೊಸ ಗಾಜು ಇಟ್ಟೆ.’

ಪುಸ್ತಕ ಒಂದೇ ಸಾಲದು, ಕಣ್ಣಾರೆ ಕಂಡಿರಬೇಕು ಎನ್ನುವವಳು ನೀನು. ಮರುದಿನ ಸುರಂಗದ ಇಂಜಿನಿಯರಮ್ಮನ ಶೆಡ್ಡಿಗೆ ಹೋಗಿ ಏಣಿ ಕೇಳಿದೆ.

“ನಿಮಗೆ ವಯಸ್ಸೆಷ್ಟಮ್ಮ?”

“ಕಮಾನಿಗಿಂತ ಕಡಿಮೆ.”

ಪಾಪ, ನನ್ನ ಮಾತಿನಿಂದ ಅವಳೂ ಜನರ ಕೈಲಿ ಸಾಕಷ್ಟು ಬೈಸಿಕೊಂಡಿದ್ದಾಳೆ. ಆದರೂ ನನ್ನ ತಲೆಗೆ ಹಳದಿ ಟೋಪಿ ಹಾಕಿ, ಮೆಟ್ಟಿಲಿರುವ ಅಟ್ಟಣೆ ಕಟ್ಟಿಸಿ, ನನ್ನ ಬೆನ್ನ ಹಿಂದೆಯೇ ಹತ್ತಿದಳು. ಒಡೆದ ಗಾಜಿನಿಂದ ಕೈ ಅಳೆದು ಒಂದು ಮೊಳ ಮೇಲೆ ಒರೆಸಿದೆ. ಪಾರಿವಾಳದ ಹಿಕ್ಕೆ, ಧೂಳು, ಜೇಡನ ಬಲೆ. ನನ್ನ ಎರಡು ಕರವಸ್ತ್ರ ಹಾಳಾದವು. ಆಮೇಲೆ ಬಂತು ಗಾಜು. ಇಡಿಯಾಗಿತ್ತು. ಕೆಳಗೆ ಯಂತ್ರ ಗುಡುಗುತ್ತಿದ್ದರೂ ನನ್ನ ಬೆರಳಿನಡಿ ಅದು ಅಲುಗಲಿಲ್ಲ. ಕೆತ್ತಿದ ತಾರೀಖಿನ ಅಂಕಿಗಳು ಮಾತ್ರ ಒಂದರ ಮೇಲೊಂದು ಹತ್ತಿ ಕೂತಿದ್ದವು, ಅಷ್ಟು ಅಚ್ಚುಕಟ್ಟಿನ ಮನುಷ್ಯ ಕೆತ್ತಿದ್ದು. ಅದರ ಕಾರಣ ಕೆಳಗೆ ಬರೆಯುತ್ತೇನೆ.

“ಗಾಜು ಸರಿ,” ಅಂದೆ. ಇಂಜಿನಿಯರಮ್ಮನಿಗೆ ನಾನು ಯಾರಿಗೆ ಹೇಳಿದೆನೆಂದು ಗೊತ್ತಾಗಲಿಲ್ಲ. ಅವಳು ತೆಗೆದ ಫೋಟೋಗಳನ್ನು ನಿಮ್ಮ ಆಫೀಸಿಗೆ ಕಳಿಸಿದ್ದಾಳೆ. ಬೇಲಿ ತೆಗೆಯುತ್ತಾರಂತೆ. ಬೀಗದವನಿಗೆ ಹೇಳಿ ಕಳಿಸಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪರದೆ ನೋಡಿ ನೋಡಿ ಕಣ್ಣು ಕೆಡಿಸಿಕೊಳ್ಳಬೇಡ, ಅದು ನಮ್ಮ ಮನೆಗೆ ಆಗಿಬರುವುದಿಲ್ಲ. ನೂರು ವರ್ಷ ಬಾಳು, ನಿನ್ನ ಮಾತು ಗೆದ್ದು ನಿಲ್ಲಲಿ.

ನಿನ್ನ ತಾಯಿ,
ಸ್ಥಳೀಯ ಹಿರಿಯ ಮಹಿಳೆ

ಮ.ವಿ.: ಮರೆತು ಇಲ್ಲಿ ಬರೆಯುತ್ತಿಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಪುಟದಲ್ಲಿ ಇನ್ನೂ ಕೆಲವು ಸಾಲುಗಳಿವೆ: ‘ಒಡೆದದ್ದು ನನಗೆ ಕಂಡಿರಲಿಲ್ಲ. ಮಗಳು ಕಂಡಳು. ಮನೆಯಲ್ಲಿ ಹೇಳಿ ಏಟು ತಿಂದಳು. ನನ್ನ ಕಣ್ಣಿನ ಸಂಗತಿ ಇವಳಿಗೆ ತಿಳಿಯದಿರಲಿ ಎಂದು ನಾನು ಸುಮ್ಮನಿದ್ದೆ. ಮಗಳಿಗೂ ಸುಮ್ಮನಿರು ಎಂದೆ.’

ನಿನಗಾಗ ಹನ್ನೆರಡು. “ಅಮ್ಮಾ, ಗಾಜು ಒಡೆದಿದೆ, ಅಪ್ಪಂಗೆ ಕಾಣ್ಲಿಲ್ಲ” ಎಂದು ಓಡಿಬಂದೆ. ಹೆತ್ತ ಅಪ್ಪನನ್ನು ಕುರುಡ ಅಂತೀಯಾ, ಸುಳ್ಳುಬುರುಕಿ ಎಂದು ನಾನು ನಿನ್ನ ಕೆನ್ನೆಗೆ ಹೊಡೆದೆ. ಹೊಡೆದದ್ದು ನೆನಪಿತ್ತು, ಯಾತಕ್ಕೆ ಎಂಬುದು ಮರೆತಿತ್ತು. ಹೊಡೆದವರಿಗೆ ಮರೆಯುತ್ತದೆ.

ಅಲ್ಲಿಂದ ಮುಂದಿನ ಪ್ರತಿ ‘ಗಾಜು ಸರಿ’ಯ ಪಕ್ಕ ಒಂದು ಸಣ್ಣ ಪೆನ್ಸಿಲ್ ಗೆರೆ. ನಿನ್ನದು. ಸೋಮವಾರ ಬೆಳಿಗ್ಗೆ ಪಾತ್ರೆ ತಿಕ್ಕುವುದು ತಪ್ಪಿಸಿಕೊಳ್ಳಲು ಅಪ್ಪನ ಬಾಲ ಹಿಡಿಯುತ್ತಾಳೆ ಎಂದು ನಾನು ಬೈಯುತ್ತಿದ್ದೆ. ನೀನು ಅವರ ಕಣ್ಣಾಗಿ ಏಣಿ ಹತ್ತುತ್ತಿದ್ದೆ. ಅವತ್ತು ಫೋನಿನಲ್ಲಿ ಕೇಳುವಾಗಲೂ ನಿನಗೆ ಎಲ್ಲ ಗೊತ್ತಿತ್ತು. ಅಪ್ಪನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ.

ನಿನ್ನೆ ಫೋನಿನವನನ್ನು ಕರೆಸಿದೆ. ಅದೇ ಜಾಗದಲ್ಲಿ ನಿಂತು, ನಾನು ಹೇಳಿದ್ದು ತಪ್ಪು, ಗಾಜು ಒಡೆದದ್ದು ಮೂವತ್ತೊಂದು ವರ್ಷದ ಹಿಂದೆ, ನನ್ನ ಮಗಳು ಅವತ್ತೇ ನಿಜ ಹೇಳಿದ್ದಳು, ನಾನು ನಂಬದೆ ಹೊಡೆದೆ ಎಂದು ಹೇಳಿದೆ. “ಕೊನೇದು ಮನೆ ವಿಷಯ ದೊಡ್ಡಮ್ಮ, ತೆಗೆದುಬಿಡ್ಲಾ?” ಅಂದ. ಅದನ್ನು ತೆಗೆದರೆ ಉಳಿದದ್ದೂ ಬೇಡ ಅಂದೆ. ಇವತ್ತು ಬೆಳಿಗ್ಗೆ ಹಾಕಿದ್ದಾನೆ.

ಪುಸ್ತಕವನ್ನು ಶನಿವಾರವೇ ನಿನ್ನ ಹೆಸರಿಗೆ ಅಂಚೆಗೆ ಹಾಕಿದ್ದೇನೆ. ಆ ಪುಟದಲ್ಲಿ ನಾನೂ ಒಂದು ಪೆನ್ಸಿಲ್ ಗೆರೆ ಎಳೆದಿದ್ದೇನೆ. ದಾಖಲೆಯ ಮೇಲೆ ಗೀಚಬಾರದೆಂದು ನೀನು ಬೈಯುತ್ತೀಯ. ಬೈ. ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.